ಯಾರಿಗೆ ಒಪ್ಪಿಸಲಿ ಈ ವಾರ್ಡು

ನರ್ಸು ಬೀಬಿಸೊರಾಳ ಬೆರಳಿಗೆ ಕಣ್ಣಿದೆ ಎಂದು ಕೋಶ್‌ಕುದುಕ್‌ನ ಹೆಂಗಸರು ಹೇಳುತ್ತಿದ್ದರು. ಕಣ್ಣಿರಲಿಲ್ಲ. ತೊಗಲಿತ್ತು. ಇಪ್ಪತ್ತಮೂರು ವರ್ಷ ದಿನಕ್ಕೆ ಮೂವತ್ತು ಸಲ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಈರುಳ್ಳಿ ಪೊರೆಯ ಹಾಗೆ ತೆಳ್ಳಗಾದ ತೊಗಲು. ಎಡಗೈ ತೋರುಬೆರಳನ್ನು ಕೂಸಿನ ಕಿವಿಯ ಮೇಲೆ, ನೆತ್ತಿಯ ಬದಿಗೆ ಇಡುತ್ತಿದ್ದಳು. ಒತ್ತುತ್ತಿರಲಿಲ್ಲ. ಸುಮ್ಮನೆ ಇಟ್ಟು ಕಣ್ಣು ಮುಚ್ಚುತ್ತಿದ್ದಳು. ಭೇದಿಯಾಗಿ ಮೈಯ ನೀರೆಲ್ಲ ಹೋದ ಕೂಸಿನ ನರ ನೂಲಿನಷ್ಟೂ ದಪ್ಪ ಇರುವುದಿಲ್ಲ. ಕುಸಿದು ಒಳಗೆ ಅಡಗಿರುತ್ತದೆ. ದೀಪ ಹಿಡಿದರೂ ಕಾಣದು. ಬೆರಳಿಗೆ ಮಾತ್ರ ಅಲ್ಲಿ ಏನೋ ಒಂದು ಮೆತ್ತಗೆ ಜಾರಿದಂತೆ ತಿಳಿಯುತ್ತದೆ. ಜಾರಿತೋ, ಬಲಗೈಯ ಸೂಜಿ ಒಳಗೆ. ಒಂದೇ ಚುಚ್ಚು. ಕೂಸು ಅಳಲು ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಅಂಟಿಸಿ ಮುಗಿದಿರುತ್ತಿತ್ತು.

ಅದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ನರ್ಸಿಂಗ್ ಶಾಲೆಯಲ್ಲಿ ರಬ್ಬರಿನ ತೋಳು ಕೊಟ್ಟಿದ್ದರು. ರಬ್ಬರಿನ ತೋಳಿನಲ್ಲಿ ಎಲ್ಲರಿಗೂ ನರ ಸಿಗುತ್ತದೆ.

ಇಡೀ ಊರಿಗೆ ಆಕೆ ಒಪಾ, ಅಂದರೆ ಅಕ್ಕ. "ಒಪಾ ಡ್ಯೂಟೀಲಿ ಇದಾರಾ?" ಎಂದು ಗೇಟಿನಲ್ಲೇ ಕೇಳುತ್ತಿದ್ದರು. ಇಲ್ಲವೆಂದರೆ ಡಾಕ್ಟರ ಕಡೆಗೂ ಹೋಗದೆ ನೇರ ಹಿತ್ತಲಿಗೆ ಬಂದು ಆಕೆಯ ಬಾಗಿಲು ಬಡಿಯುತ್ತಿದ್ದರು. ಆಕೆಯ ಕೋಣೆ ಇದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡಕ್ಕೆ ಅಂಟಿಕೊಂಡು. ಒಂದು ಕಿಟಕಿ, ಒಂದು ಮಂಚ, ಒಂದು ಕಬ್ಬಿಣದ ಪೆಟ್ಟಿಗೆ. ಗೋಡೆಯಾಚೆ ದಿನವಿಡೀ ಸೋಪಿನ ನೀರು ಕುದಿಯುವ ಸದ್ದು.

ಮದುವೆಯಾಗಿ ಆರು ವರ್ಷವಾದರೂ ಬಸಿರು ನಿಲ್ಲಲಿಲ್ಲವೆಂದು ಗಂಡನ ಮನೆಯವರು ಹಾಸಿಗೆ ಸುತ್ತಿ ಟ್ರ್ಯಾಕ್ಟರಿಗೆ ಹಾಕಿ ಕಳಿಸಿದ್ದರು. ತವರಿನಲ್ಲಿ ಅಣ್ಣನ ಹೆಂಡತಿ ಒಂದು ತಿಂಗಳು ಬಾಯಿ ತುಂಬ ಮಾತಾಡಿದಳು. ಎರಡನೇ ತಿಂಗಳು ಚಹಾದ ಬಟ್ಟಲನ್ನು ಕುಕ್ಕಿ ಇಡತೊಡಗಿದಳು. ಆಗ ಆಸ್ಪತ್ರೆ ಕೋಣೆ ಕೊಟ್ಟಿತು. ಅವತ್ತಿನಿಂದ ಬೀಬಿಸೊರಾ "ನಮ್ಮನೆ" ಎಂದರೆ ಆಸ್ಪತ್ರೆ. ಹಬ್ಬದ ದಿನ ಬೇರೆ ನರ್ಸುಗಳು ಮನೆಗೆ ಓಡಿದರೆ ಇವಳು ಅವರ ಡ್ಯೂಟಿ ಮಾಡುತ್ತಿದ್ದಳು. ಸುಣ್ಣ ಬಳಿಯುವುದಿದ್ದರೆ ಏಣಿ ಹತ್ತುವವಳು ಇವಳು. ಚಳಿಗಾಲದಲ್ಲಿ ಕೊಳವೆ ಒಡೆದರೆ ಬಕೆಟ್ಟು ಹೊರುವವಳು ಇವಳು. "ಮಕ್ಕಳಿಲ್ಲ ಮರಿಯಿಲ್ಲ, ಒಪಾಗೇನು ಕೆಲಸ?" ಎಂದು ಉಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಸೆಪ್ಟೆಂಬರ್ ಬಂತೆಂದರೆ ಸರ್ಕಾರದ ಹತ್ತಿ ಬಿಡಿಸುವ ಕಾಲ. ಮೇಷ್ಟ್ರುಗಳು, ಅಂಚೆಯವರು, ನರ್ಸುಗಳು, ಎಲ್ಲರೂ ಬಸ್ಸು ಹತ್ತಬೇಕು. ಹೋಗುತ್ತೀರಾ ಎಂದು ಯಾರೂ ಕೇಳುವುದಿಲ್ಲ. ಪಟ್ಟಿ ಓದುತ್ತಾರೆ. ಹೊಲದ ಪಕ್ಕದ ಶಾಲೆಯ ನೆಲದ ಮೇಲೆ ಮಲಗಬೇಕು. ಕಾಲುವೆಯ ನೀರು ಕುದಿಸಿ ಕುಡಿಯಬೇಕು. ಬೆಳಗ್ಗೆ ಮಂಜು ಆರುವ ಮೊದಲೇ ಸೊಂಟಕ್ಕೆ ಉಡಿ ಕಟ್ಟಿಕೊಂಡು ಸಾಲಿಗೆ ಇಳಿಯಬೇಕು. ಬಗ್ಗಿ ಬಿಡಿಸಬೇಕು. ಬಗ್ಗಿದ ಬೆನ್ನು ಸಂಜೆಗೆ ನೆಟ್ಟಗಾಗುವುದಿಲ್ಲ. ಹತ್ತಿ ಮೆತ್ತಗೆ ಎಂದು ಹೇಳುವವರು ಹತ್ತಿ ಬಿಡಿಸಿದವರಲ್ಲ. ಒಡೆದ ಕಾಯಿಯ ಒಣ ಸಿಪ್ಪೆಗೆ ನಾಲ್ಕೈದು ಮೊನೆ. ಹತ್ತಿಗೆ ಕೈ ಹಾಕಿದಾಗಲೆಲ್ಲ ಆ ಮೊನೆಗಳು ಉಗುರಿನ ಬುಡಕ್ಕೇ ಇಳಿಯುತ್ತವೆ. ದಿನಕ್ಕೆ ಸಾವಿರ ಸಲ.

ಬೀಬಿಸೊರಾ ಆ ತಾಲ್ಲೂಕಿನಲ್ಲೇ ಚುರುಕು. ಅವಳ ಬೆರಳು ಹತ್ತಿಯನ್ನೂ ಹಾಗೇ ಹುಡುಕಿ ಎತ್ತುತ್ತಿತ್ತು. ಅದು ಅವಳ ಹೆಮ್ಮೆಯೂ ಆಗಿತ್ತು. ಅವಳ ಪೆಟ್ಟಿಗೆಯಲ್ಲಿ ಏಳು ಗೌರವ ಪತ್ರಗಳಿದ್ದವು. ಏಳೂ ಹತ್ತಿಗೆ ಬಂದವು. ನರ ಹಿಡಿದದ್ದಕ್ಕೆ ಒಂದೂ ಇರಲಿಲ್ಲ.

ಹಿಂದಿನ ವರ್ಷ ದೊಡ್ಡ ಡಾಕ್ಟರು ತುರೊಬೊವ್ ಖುದ್ದು ಹೊಲಕ್ಕೆ ಬಂದಿದ್ದರು. ಬದುವಿನ ಮೇಲೆ ನಿಂತು ಕೈಮುಗಿದರು.

"ಒಪಾ, ಹತ್ತಿ ತೂಕದಲ್ಲಿ ದನದ ಆಸ್ಪತ್ರೆಯವರು ನಮಗಿಂತ ಮುಂದೆ ಹೋಗ್ಬಿಟ್ಟಿದಾರೆ! ದನದ ಆಸ್ಪತ್ರೆ! ನಾಳೆ ಮೀಟಿಂಗಲ್ಲಿ ನಾನು ಹೆಂಗೆ ತಲೆ ಎತ್ತಲಿ? ನಮ್ಮನೆ ಮಾನ ನಿಮ್ಮ ಕೈಲಿದೆ."

ನಮ್ಮನೆ ಎಂದುಬಿಟ್ಟರು. ಬೀಬಿಸೊರಾ ಅಷ್ಟಕ್ಕೇ ಕರಗಿದಳು. ಬೆರಳು ಉಳಿಸಿಕೊಳ್ಳಲೆಂದು ತಾನೇ ಹೊಲಿದುಕೊಂಡಿದ್ದ ಬಟ್ಟೆಯ ಕೈಗವಸು ತೆಗೆದು ಬದುವಿನ ಮೇಲೆ ಎಸೆದಳು. ಗವಸು ಹಾಕಿಕೊಂಡರೆ ಕೈ ನಿಧಾನವಾಗುತ್ತದೆ. ಬರಿಗೈಯಲ್ಲಿ ಹನ್ನೊಂದು ದಿನ ಬಿಡಿಸಿದಳು. ಆಸ್ಪತ್ರೆ ದನದ ಆಸ್ಪತ್ರೆಯನ್ನು ಸೋಲಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ತಟ್ಟಲಾಗಲಿಲ್ಲ. ಹತ್ತೂ ಬೆರಳ ತುದಿ ಹಸಿ ಗಾಯವಾಗಿತ್ತು.

ಮೂವತ್ತೆಂಟು ದಿನದ ಮೇಲೆ ವಾರ್ಡಿಗೆ ವಾಪಸು ಬಂದಾಗ ಗಾಯ ಒಣಗಿ ಬೆರಳ ತುದಿ ಹಲಗೆಯಂತೆ ಗಟ್ಟಿಯಾಗಿತ್ತು. ಬಂದ ಮೂರನೇ ದಿನ ಓಯ್ದಿನ್ ಎಂಬ ಹೆಂಗಸು ನಾಲ್ಕು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಹೆಸರು ಅಸಲ್. ಎರಡು ದಿನದಿಂದ ಭೇದಿ. ಕಣ್ಣು ಗುಳಿ ಬಿದ್ದಿತ್ತು. ಅಳುವ ಶಕ್ತಿಯೂ ಇರಲಿಲ್ಲ.

ಬೀಬಿಸೊರಾ ಬೆರಳಿಟ್ಟಳು. ಕಣ್ಣು ಮುಚ್ಚಿದಳು.

ಏನೂ ಇಲ್ಲ.

ಮತ್ತೆ ಇಟ್ಟಳು. ಗೋಡೆ ಮುಟ್ಟಿದ ಹಾಗಿತ್ತು. ಆಗ ಅವಳು ಒಂದು ಮಾತು ಹೇಳಬೇಕಿತ್ತು. "ನನ್ನ ಬೆರಳಿಗೆ ತಿಳೀತಿಲ್ಲ, ಈಗಲೇ ನಗರದ ಆಸ್ಪತ್ರೆಗೆ ಕರ್ಕೊಂಡು ಹೋಗಿ." ಅಷ್ಟೇ ಮಾತು. ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಆಕೆ ಆ ಮಾತು ಹೇಳಿದವಳೇ ಅಲ್ಲ. ಎದುರಿಗೆ ತಾಯಿ ನಿಂತಿದ್ದಳು. ಬಾಗಿಲಲ್ಲಿ ನರ್ಸು ಹುಡುಗಿಯರು ನೋಡುತ್ತಿದ್ದರು. ನಮ್ಮನೆಯಲ್ಲಿ ಆಗುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಚುಚ್ಚಿದಳು. ನೆತ್ತಿಗೆ, ಮೊಣಕೈಗೆ, ಪಾದಕ್ಕೆ. ಏಳು ಸಲ. ಒಂದೂವರೆ ಗಂಟೆ ಹೋಯಿತು. ಆಮೇಲೆ ಆಂಬ್ಯುಲೆನ್ಸು ಹೊರಟಿತು. ನಗರ ತೊಂಬತ್ತು ಕಿಲೋಮೀಟರು. ಕೂಸು ಅರ್ಧ ದಾರಿಯಲ್ಲಿ ಹೋಯಿತು.

ಓಯ್ದಿನ್ ಬಯ್ಯಲಿಲ್ಲ. ವಾರ ಬಿಟ್ಟು ಕೂಸಿನ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. "ನಿಮ್ಮ ಕೈ ಅಂತಲೇ ನಂಬ್ಕೊಂಡು ಬಂದಿದ್ದೆ, ಒಪಾ," ಎಂದಳು. ಅಷ್ಟು ಹೇಳಿ ಹೊರಟುಹೋದಳು.

ವಿಚಾರಣೆಯ ವರದಿಯನ್ನು ತುರೊಬೊವ್ ತಾವೇ ಬರೆಸಿದರು. ನರ್ಸಿನ ಕೌಶಲ್ಯ ಸಾಲದು ಎಂದಿತ್ತು. ಹತ್ತಿಯ ಮಾತು ಎಲ್ಲಿಯೂ ಇರಲಿಲ್ಲ. "ಸಹಿ ಮಾಡಿ ಒಪಾ. ದೊಡ್ಡದು ಮಾಡಿದ್ರೆ ಆಸ್ಪತ್ರೆಗೇ ಕೆಟ್ಟ ಹೆಸರು," ಎಂದರು. ಮಾಡಿದಳು. ಅವಳನ್ನು ಮೊದಲ ದರ್ಜೆಯಿಂದ ಕೆಳಗಿಳಿಸಿದರು. ಹದಿನೈದು ದಿನದ ಕೌಶಲ್ಯ ತರಬೇತಿಗೆ ಕಳಿಸಿದರು. ಅಲ್ಲಿ ಇಪ್ಪತ್ತೆರಡು ವಯಸ್ಸಿನ ಹುಡುಗಿಯೊಬ್ಬಳು ರಬ್ಬರಿನ ತೋಳು ತಂದು ಮುಂದಿಟ್ಟಳು. "ಹೆದರ್ಬೇಡಿ ಖೋಲಾ, ಮೆಲ್ಲಗೆ ಚುಚ್ಚಿ," ಎಂದಳು. ಖೋಲಾ ಎಂದರೆ ಚಿಕ್ಕಮ್ಮ. ಬೀಬಿಸೊರಾ ಚುಚ್ಚಿದಳು. ಪಾಸಾದಳು.

ಆ ಚಳಿಗಾಲ ಅವಳು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಬಾಗಿಲು ಬಡಿಯುವವರು ನಿಂತರು. ಗೇಟಿನಲ್ಲಿ ಯಾರೂ ಒಪಾ ಇದಾರಾ ಎಂದು ಕೇಳಲಿಲ್ಲ. ಕೇಳಿದವರೂ, ಇದ್ದಾಳೆ ಎಂದರೆ, ಬೇರೆ ನರ್ಸು ಯಾವಾಗ ಬರ್ತಾರೆ ಎನ್ನುತ್ತಿದ್ದರು. ಡ್ಯೂಟಿ ಮುಗಿಸಿ ಕೋಣೆಗೆ ಬಂದು ಬೆರಳುಗಳಿಗೆ ಕುರಿಬಾಲದ ಕೊಬ್ಬು ಸವರಿ ಬಟ್ಟೆ ಸುತ್ತುತ್ತಿದ್ದಳು. ಸತ್ತ ತೊಗಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ತನ್ನ ತಲೆಯ ಒಂದು ಕೂದಲನ್ನು ಮೇಜಿನ ಮೇಲಿಟ್ಟು ಅದರ ಮೇಲೊಂದು ಕಾಗದ ಹಾಸಿ ಬೆರಳಿನಿಂದ ಹುಡುಕುತ್ತಿದ್ದಳು. ಮೊದಮೊದಲು ಬರಿ ಕಾಗದವೇ ಸಿಗುತ್ತಿತ್ತು. ಫೆಬ್ರವರಿಯಲ್ಲಿ ಒಂದು ಹಾಳೆಯ ಕೆಳಗಿನ ಕೂದಲು ತಿಳಿಯಿತು. ಏಪ್ರಿಲ್ ಹೊತ್ತಿಗೆ ಎರಡು ಹಾಳೆ. ಜೂನಿನಲ್ಲಿ ಮೂರು. ಮೂರನೇ ಹಾಳೆಯ ಕೆಳಗೆ ಕೂದಲು ಜಾರಿದ ದಿನ ಕೋಣೆಯಲ್ಲಿ ಒಬ್ಬಳೇ ಕುಳಿತು ಗಟ್ಟಿಯಾಗಿ ಅತ್ತಳು. ಗೋಡೆಯಾಚೆ ಒಗೆಯುವ ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಆ ಬೇಸಿಗೆ ನಲವತ್ತಾರು ಕೂಸುಗಳಿಗೆ ಒಂದೇ ಚುಚ್ಚಿನಲ್ಲಿ ನರ ಹಿಡಿದಳು. ಅದನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ.

ಮತ್ತೆ ಸೆಪ್ಟೆಂಬರ್ ಬಂತು.

ಬೆಳಗಿನ ಸಭೆ. ನರ್ಸುಗಳೆಲ್ಲ ಗೋಡೆಗೆ ಒರಗಿ ನಿಂತಿದ್ದರು. ತುರೊಬೊವ್ ಎದ್ದು ನಿಷ್ಠೆಯ ಬಗ್ಗೆ ಮಾತಾಡಿದರು. ಕೆಲಸದ ಜಾಗ ತಾಯಿ ಇದ್ದಂತೆ ಎಂದರು. ತಾಯಿ ಕರೆದಾಗ ಮಕ್ಕಳು ನೆಪ ಹೇಳುವುದಿಲ್ಲ ಎಂದರು. ಅವರ ಕಣ್ಣು ಕೆಂಪಾಗಿತ್ತು. ಹಿಂದಿನ ಸಂಜೆ, ಹತ್ತಿಗೆ ಜನ ಸಾಲದೆಂದು, ತಾಲ್ಲೂಕಿನ ದೊಡ್ಡ ಅಧಿಕಾರಿ ಅವರನ್ನು ನೂರು ಜನರ ಮುಂದೆ ಎಬ್ಬಿಸಿ ನಿಲ್ಲಿಸಿ ಬೈದಿದ್ದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಪಟ್ಟಿ ಓದಿದರು. ಕೂಸುಗಳ ವಾರ್ಡಿನಲ್ಲಿ ಇದ್ದದ್ದು ನಾಲ್ಕು ನರ್ಸು. ಒಬ್ಬಳು ಬಾಣಂತಿ, ರಜೆಯಲ್ಲಿದ್ದಳು. ಉಳಿದ ಮೂವರ ಹೆಸರೂ ಪಟ್ಟಿಯಲ್ಲಿತ್ತು. ಮೊದಲನೆಯದೇ ಬೀಬಿಸೊರಾ.

"ನಾನು ಬರಲ್ಲ."

ಮೊದಲು ಯಾರಿಗೂ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ತುರೊಬೊವ್ ಕನ್ನಡಕ ತೆಗೆದರು.

"ಯಾರು ಹೇಳಿದ್ದು?"

"ನಾನು."

"ಹುಷಾರಿಲ್ವಾ ಒಪಾ? ಬೆನ್ನು ನೋವಾ? ಬೆನ್ನು ನೋವು ಅಂತ ಬರ್ಕೊಡಿ, ನೋಡೋಣ. ಹತ್ತು ದಿನ ಬಿಟ್ಟು ಹೋಗಿ."

"ಬೆನ್ನು ಗಟ್ಟಿಯಾಗೇ ಇದೆ. ಬರಲ್ಲ."

"ಏಳು ಸಲ ಬಹುಮಾನ ತಗೊಂಡೋರು ನೀವು!"

"ತಗೊಂಡೆ. ಎಂಟನೇದು ಅಸಲ್‌ದು. ಅದನ್ನೂ ಕೊಡ್ತೀರಾ?"

ಹಿರಿಯ ನರ್ಸು ಮುಕರ್ರಮ್ ಅವಳ ತೋಳು ಹಿಡಿದು ಎಳೆದಳು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಒಂದೇ ತಟ್ಟೆಯಲ್ಲಿ ಪಲಾವು ತಿಂದವರು.

"ಏನೇ ನಿಂಗೆ ತಲೆ ಕೆಟ್ಟಿದ್ಯಾ? ಸುಮ್ನೆ ಬಸ್ ಹತ್ತು. ನಾವೆಲ್ಲ ಹೋಗ್ತಾ ಇಲ್ವಾ?"

"ನೀನು ಯಾವಾಗ ಹೋಗಿದ್ದೆ, ಮುಕರ್ರಮ್? ನೀನು ಪಟ್ಟಿ ಬರೆಯೋಳು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಮುಕರ್ರಮ್ ತೋಳು ಬಿಟ್ಟಳು.

"ನನ್ನ ಬೆರಳು ಸರಿಯಾಗೋಕೆ ಎಂಟು ತಿಂಗಳು ಬೇಕಾಯ್ತು," ಎಂದಳು ಬೀಬಿಸೊರಾ. ಅವಳಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. "ಈ ಬೆರಳು ಇರೋದು ಕೂಸಿನ ನರಕ್ಕೆ. ಹತ್ತಿ ಬಿಡಿಸೋಕೆ ಯಾರಾದ್ರೂ ಬಿಡಿಸ್ತಾರೆ. ನರ ಹಿಡಿಯೋಕೆ ಇಲ್ಲಿ ಇನ್ಯಾರಿದಾರೆ, ಹೇಳಿ. ಗುಲ್ಚೆಹ್ರಾಗೆ ಈಗಷ್ಟೇ ಕೈ ಕೂತಿದೆ. ಅವಳನ್ನೂ ಕರ್ಕೊಂಡು ಹೋಗ್ತಿದೀರಿ. ಹದಿನಾಲ್ಕು ಕೂಸಿದಾವೆ ವಾರ್ಡಲ್ಲಿ. ಅವಕ್ಕೆ ಹತ್ತಿ ಹಾಸ್ತೀರಾ?"

ಗುಲ್ಚೆಹ್ರಾ ಇಪ್ಪತ್ತಾರರ ಹೆಣ್ಣು. ಎರಡು ವರ್ಷದಿಂದ ಒಪಾಳ ಪಕ್ಕ ನಿಂತು ಬೆರಳಿಡುವುದು ಕಲಿಯುತ್ತಿದ್ದಳು. ಅವಳು ನೆಲ ನೋಡುತ್ತಿದ್ದಳು. ಎಲ್ಲರೂ ನೆಲ ನೋಡುತ್ತಿದ್ದರು. ಮೂವತ್ತೊಂದು ಹೆಂಗಸರು. ಬೀಬಿಸೊರಾ ಒಬ್ಬೊಬ್ಬರ ಮುಖ ಹುಡುಕಿದಳು. ಇವಳ ಹೆರಿಗೆಗೆ ಡ್ಯೂಟಿ ಮಾಡಿದ್ದೆ. ಇವಳ ತಮ್ಮನ ಮದುವೆಗೆ ಡ್ಯೂಟಿ ಮಾಡಿದ್ದೆ. ಒಂದು ಮುಖವೂ ಮೇಲೇಳಲಿಲ್ಲ.

ತುರೊಬೊವ್ ಒಂದು ಖಾಲಿ ಹಾಳೆ ಮುಂದಿಟ್ಟರು.

"ಬರೀರಿ. ಸ್ವಂತ ಇಚ್ಛೆಯಿಂದ ಕೆಲಸ ಬಿಡ್ತಿದೀನಿ ಅಂತ."

"ನಂಗೆ ಆ ಇಚ್ಛೆ ಇಲ್ವಲ್ಲ."

"ಇಪ್ಪತ್ತಮೂರು ವರ್ಷ ಕೋಣೆ ಕೊಟ್ಟು ಸಾಕಿದ ಮನೆಗೆ ಇದಾ ನೀವು ತೋರ್ಸೋ ನಿಷ್ಠೆ?"

"ನೀವು ನನ್ನ ಸಾಕಿಲ್ಲ ಡಾಕ್ಟ್ರೇ. ನಾನು ಕೆಲ್ಸ ಮಾಡಿದೀನಿ."

"ನಡೀರಿ ಆಚೆ! ಇವತ್ತಿಂದ ನೀವು ಇಲ್ಲಿ ಕೆಲಸದೋರಲ್ಲ."

ಬೀಬಿಸೊರಾ ಬಾಗಿಲವರೆಗೆ ಹೋಗಿ ನಿಂತಳು. ಯೋಚಿಸಿ ನಿಂತದ್ದಲ್ಲ. ಕಾಲು ತಾನಾಗಿ ನಿಂತಿತು. ಇಪ್ಪತ್ತಮೂರು ವರ್ಷ ಒಂದು ದಿನವೂ ತಪ್ಪದ ಕೆಲಸವೊಂದು ಬಾಕಿಯಿತ್ತು.

"ಹೋಗ್ತೀನಿ. ಡ್ಯೂಟೀಲಿರೋಳು ನಾನು. ವಾರ್ಡು ಯಾರಿಗೆ ಒಪ್ಪಿಸಲಿ?"

ಅದು ಆ ಆಸ್ಪತ್ರೆಯ ಎಲ್ಲ ನಿಯಮಗಳಿಗಿಂತ ಹಳೆಯ ನಿಯಮ. ನರ್ಸು ವಾರ್ಡು ಬಿಟ್ಟು ಹೋಗಬೇಕಾದರೆ ಮುಂದಿನ ನರ್ಸಿಗೆ ಒಪ್ಪಿಸಿ ಹೋಗಬೇಕು. ಮಂಚದಿಂದ ಮಂಚಕ್ಕೆ ಇಬ್ಬರೂ ಜೊತೆಯಲ್ಲಿ ನಡೆಯಬೇಕು. ಈ ಕೂಸಿಗೆ ಜ್ವರ ಇಷ್ಟು, ಈ ಬಾಟಲಿ ಇಷ್ಟು ಹೊತ್ತಿಗೆ ಮುಗಿಯುತ್ತದೆ, ಈ ಕಾಲಿನ ನರ ಇನ್ನೊಂದು ದಿನ ತಡೆಯುತ್ತದೆ ಎಂದು ಹೇಳಬೇಕು. ಪುಸ್ತಕದಲ್ಲಿ ಒಪ್ಪಿಸಿದವರು, ವಹಿಸಿಕೊಂಡವರು ಎಂದು ಇಬ್ಬರೂ ಸಹಿ ಹಾಕಬೇಕು. ವಹಿಸಿಕೊಳ್ಳುವವರಿಲ್ಲದೆ ವಾರ್ಡು ಬಿಟ್ಟವಳ ಮೇಲೆ ಕೇಸು. ಹಾಗೆ ಬಿಟ್ಟು ಹೋಗುವಂತೆ ಮಾಡಿದವರ ಮೇಲೂ ಕೇಸು.

"ಮುಕರ್ರಮ್ ವಹಿಸ್ಕೊಳ್ತಾರೆ," ಎಂದರು ತುರೊಬೊವ್.

ಮುಕರ್ರಮ್ ಒಂದು ಹೆಜ್ಜೆ ಹಿಂದೆ ಸರಿದಳು. "ನಾನಾ? ನಾನು ಸೂಜಿ ಮುಟ್ಟಿ ಹತ್ತು ವರ್ಷ ಆಯ್ತು ಡಾಕ್ಟ್ರೇ. ಸಂಜೆಗೊಂದು ಸಲ ಬಂದು ನೋಡ್ತೀನಿ ಅಂದಿದ್ದೆ, ಅಷ್ಟೆ. ಸಹಿ ಹಾಕಲ್ಲಪ್ಪ."

"ಮತ್ತೆ ಆಯಾ ಇದಾಳಲ್ಲ, ಸಬೊಹತ್ತು!"

ಸಬೊಹತ್ ಖೋಲಾ ಬಾಗಿಲ ಹೊರಗೆ ನೆಲ ಒರೆಸುತ್ತಿದ್ದವಳು ತಲೆ ಎತ್ತಿದಳು. "ನಾನು ಒರೆಸೋದಕ್ಕೆ ಸಹಿ ಹಾಕ್ತೀನಿ ಮಾರಾಯ್ರೆ. ಸೂಜಿಗೆ ಹಾಕಲ್ಲ."

ಬೀಬಿಸೊರಾ ವಾರ್ಡಿಗೆ ಹೋಗಿ ಕೈ ತೊಳೆದಳು. ಹತ್ತು ಗಂಟೆಗೆ ಎರಡು ಬಸ್ಸು ಹೊರಟವು. ಕಿಟಕಿಯಿಂದ ನೋಡಿದಳು. ಹಾಸಿಗೆ ಗಂಟು, ಬಕೆಟ್ಟು, ಚಹಾದ ಕೆಟಲು ಹಿಡಿದು ಎಲ್ಲರೂ ಹತ್ತಿದರು. ಗುಲ್ಚೆಹ್ರಾ ಕೊನೆಯಲ್ಲಿ ಹತ್ತಿದಳು. ಯಾರೂ ಈ ಕಿಟಕಿಯ ಕಡೆ ನೋಡಲಿಲ್ಲ.

ಮಧ್ಯಾಹ್ನಕ್ಕೆ ಕಾವಲುಗಾರ ಅವಳ ಪೆಟ್ಟಿಗೆ, ಹಾಸಿಗೆಗಳನ್ನು ಕೋಣೆಯಿಂದ ತೆಗೆದು ಹೊರಗಿಟ್ಟು ಬೀಗ ಹಾಕಿದ. "ನಂದೇನಿಲ್ಲ ಒಪಾ, ಹೇಳಿದಾರೆ," ಎಂದ. ಸಬೊಹತ್ ಖೋಲಾ ಅವನನ್ನು ಬೈದುಕೊಂಡೇ ಪೆಟ್ಟಿಗೆಯನ್ನು ಎಳೆದು ತಂದು ವಾರ್ಡಿನ ಬಟ್ಟೆ ಬೀರುವಿನ ಹಿಂದೆ ಇಟ್ಟಳು.

ಮೂರು ದಿನ. ಹದಿನಾಲ್ಕು ಮಂಚ. ಬಾಟಲಿ ಬದಲಿಸಿದಳು. ಪಟ್ಟಿ ಬಿಚ್ಚಿದಳು, ಕಟ್ಟಿದಳು. ಗಂಟೆಗೊಂದು ಸಲ ಎಲ್ಲ ಹಣೆ ಮುಟ್ಟಿದಳು. ಕೂಸುಗಳು ಮಲಗಿದಾಗ ಸ್ಟೂಲಿನ ಮೇಲೆ ಗೋಡೆಗೆ ತಲೆಯಾನಿಸಿ ಅರ್ಧರ್ಧ ಗಂಟೆ ಕಣ್ಣು ಮುಚ್ಚಿದಳು. ಕಾಲು ಊದಿ ಚಪ್ಪಲಿ ಹಿಡಿಸದಾಯಿತು, ಬರಿಗಾಲಲ್ಲಿ ಓಡಾಡಿದಳು. ಪಕ್ಕದ ವಾರ್ಡುಗಳಲ್ಲಿ ಉಳಿದಿದ್ದ ನರ್ಸುಗಳು ಬಾಗಿಲ ಮುಂದೆ ಹಾಯುವಾಗ ಹೆಜ್ಜೆ ಜೋರು ಮಾಡುತ್ತಿದ್ದರು. ಡಾಕ್ಟರುಗಳು ಬಂದು ಚೀಟಿ ಬರೆದು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅವಳ ಫೋನು ಒಂದು ಸಲವೂ ಕೂಗಲಿಲ್ಲ. ತಾಯಂದಿರು ಮಾತ್ರ ತಮ್ಮ ರೊಟ್ಟಿಯಲ್ಲಿ ತುಂಡು ಮುರಿದು ಕೊಡುತ್ತಿದ್ದರು. ಕೊಟ್ಟು, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದರು.

ಬೆಳಗ್ಗೆ ಎಂಟಕ್ಕೆ ಡ್ಯೂಟಿ ಬದಲಾಗುವ ಹೊತ್ತು. ಬೀಬಿಸೊರಾ ಪುಸ್ತಕ ಎತ್ತಿಕೊಂಡು ಒಂದನೇ ಮಂಚದಿಂದ ಹದಿನಾಲ್ಕನೇ ಮಂಚದವರೆಗೆ ನಡೆಯುತ್ತಿದ್ದಳು. ಪ್ರತಿ ಕೂಸಿನ ಸ್ಥಿತಿಯನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ಪಕ್ಕದಲ್ಲಿ ಕೇಳುವವರಿರಲಿಲ್ಲ. ಆಮೇಲೆ ಬರೆಯುತ್ತಿದ್ದಳು. ಒಪ್ಪಿಸಿದವರು: ಬೀಬಿಸೊರಾ. ವಹಿಸಿಕೊಂಡವರು: ಬೀಬಿಸೊರಾ.

ಎರಡನೇ ದಿನ ಸಬೊಹತ್ ಖೋಲಾ ಒರೆಸುವ ಬಟ್ಟೆ ಹಿಂಡುತ್ತ ಕೇಳಿದಳು. "ಎಷ್ಟು ದಿನ ಹಿಂಗೆ? ಸತ್ತುಹೋಗ್ತೀಯಲ್ಲೇ ಹುಡುಗಿ."

"ಯಾರಾದ್ರೂ ಬರ್ಲಿ. ಒಪ್ಪಿಸಿ ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ?"

ಬೀಬಿಸೊರಾ ಪಕ್ಕದ ಮಂಚದ ಬಾಟಲಿ ನೋಡಲು ಎದ್ದಳು. ಅವಳಿಗೆ ನಲವತ್ತಾರು ವರ್ಷ ತುಂಬಿತ್ತು. ಹೋಗಬಹುದಾದ ಒಂದು ಬಾಗಿಲೂ ನೆನಪಿಗೆ ಬರಲಿಲ್ಲ.

ನಾಲ್ಕನೇ ದಿನ ಹನ್ನೊಂದರ ಹೊತ್ತಿಗೆ ಅಂಗಳದಲ್ಲಿ ಕಾರು ನಿಂತಿತು. ತುರೊಬೊವ್ ಮುಂದೆ, ಹಿಂದೆ ಗುಲ್ಚೆಹ್ರಾ. ಅವಳ ಲಂಗದಂಚಿಗೆ ಇನ್ನೂ ಹತ್ತಿಯ ಎಳೆ ಅಂಟಿತ್ತು. ಮುಖ ಬಿಸಿಲಿಗೆ ಸುಟ್ಟಿತ್ತು. ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದಳು.

"ತಗೊಳ್ಳಿ ನಿಮ್ಮ ನರ್ಸು," ಎಂದರು ತುರೊಬೊವ್. "ನೀವೇ ಕಲಿಸಿದ ಹುಡುಗಿ. ಒಪ್ಪಿಸಿ. ಸಹಿ ಹಾಕಿ. ಹೊರಡಿ."

ಬೀಬಿಸೊರಾ ಎದ್ದಳು. ಅವಳಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಮಲಗಬಹುದು. ಎಲ್ಲಿಯಾದರೂ ಸರಿ, ಮಲಗಬಹುದು.

"ಬಾಮ್ಮಾ. ಕೈ ತೊಳ್ಕೋ. ಒಂದನೇ ಮಂಚದಿಂದ ಶುರು ಮಾಡೋಣ."

ಗುಲ್ಚೆಹ್ರಾ ಜೇಬಿನಿಂದ ಕೈ ತೆಗೆದಳು.

ಮೂರೇ ದಿನ. ಉಗುರಿನ ಬುಡವೆಲ್ಲ ಕಿತ್ತು ಕಪ್ಪಾಗಿತ್ತು. ತೋರುಬೆರಳ ತುದಿ ಸೀಳಿ ಊದಿತ್ತು. ಸೋಪು ತಾಗಿದಾಗ ಹಲ್ಲು ಕಚ್ಚಿದಳು.

ಆರನೇ ಮಂಚದಲ್ಲಿ ಮೂರು ತಿಂಗಳ ಕೂಸು. ಹಳೆಯ ಸೂಜಿ ಅಂದು ತೆಗೆದು ಹೊಸದು ಹಾಕಬೇಕಿತ್ತು. ಬೀಬಿಸೊರಾ ಗುಲ್ಚೆಹ್ರಾಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ತಾನೇ ಕೂಸಿನ ಕಿವಿಯ ಮೇಲೆ ಇಟ್ಟಳು.

"ಒತ್ಬೇಡ. ಇಟ್ಕೋ. ಸಿಕ್ತಾ?"

ಗುಲ್ಚೆಹ್ರಾ ಕಣ್ಣು ಮುಚ್ಚಿದಳು. ತುರೊಬೊವ್ ಗಡಿಯಾರ ನೋಡಿದರು. ಕೂಸಿನ ತಾಯಿ ತಲೆಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಗುಲ್ಚೆಹ್ರಾಳ ತುಟಿ ಅದುರಿತು. ಬೀಬಿಸೊರಾಗೆ ಆ ತುಟಿಯ ಮೇಲೆ ಬಂದು ನಿಂತಿರುವ ಮಾತು ಯಾವುದೆಂದು ಗೊತ್ತಿತ್ತು. ಹೇಳಿಕೊಡಲಿಲ್ಲ. ಅದು ಬೇರೆಯವರು ಹೇಳಿಕೊಡುವ ಮಾತಲ್ಲ.

"ತಿಳೀತಿಲ್ಲ, ಒಪಾ," ಎಂದಳು ಗುಲ್ಚೆಹ್ರಾ. ಕಣ್ಣು ತೆರೆದು ತುರೊಬೊವ್ ಕಡೆ ತಿರುಗಿ ಇನ್ನೂ ಗಟ್ಟಿಯಾಗಿ ಹೇಳಿದಳು. "ನಂಗೆ ತಿಳೀತಿಲ್ಲ ಡಾಕ್ಟ್ರೇ. ಬೆರಳು ಸತ್ತುಹೋಗಿದೆ."

"ಸಹಿ ಹಾಕು. ಎರಡು ದಿನ ಬಿಟ್ರೆ ಸರಿಹೋಗುತ್ತೆ."

"ಎರಡು ದಿನ ಈ ಕೂಸು ಏನು ಮಾಡ್ಬೇಕು?"

"ಸಹಿ ಹಾಕು ಅಂದೆ! ನಿಂಗೆ ಎರಡು ಮಕ್ಕಳಿದಾರೆ, ನೆನಪಿದ್ಯಾ? ಗಂಡ ಮನೇಲಿ ಕೂತಿದಾನೆ, ನೆನಪಿದ್ಯಾ?"

ಗುಲ್ಚೆಹ್ರಾ ಪುಸ್ತಕ ತೆಗೆದುಕೊಂಡಳು. ಪೆನ್ನು ಹಿಡಿಯಲು ಬೆರಳು ಮಡಚಲಿಲ್ಲ. ಅಂಗೈಯಲ್ಲಿ ಒತ್ತಿ ಹಿಡಿದು, ಮಕ್ಕಳು ಬರೆದ ಹಾಗೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು. ಬಹಳ ಹೊತ್ತು ಬರೆದಳು. ತುರೊಬೊವ್ ಸಹಿಯೆಂದುಕೊಂಡು ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಓದಿದರು. "ಹತ್ತಿ ಬಿಡಿಸಿ ಬೆರಳು ಗಾಯವಾಗಿದೆ. ನರ ಸಿಗುತ್ತಿಲ್ಲ. ವಾರ್ಡು ವಹಿಸಿಕೊಳ್ಳಲಿಲ್ಲ." ಕೆಳಗೆ ಅವಳ ಹೆಸರು, ತಾರೀಖು, ಹೊತ್ತು.

ಅವರ ಕೈ ಹಾಳೆಯ ಮೂಲೆ ಹಿಡಿಯಿತು. ಹರಿಯಲಿಲ್ಲ. ಆ ಪುಸ್ತಕದ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿರುತ್ತಾರೆ. ಎಲ್ಲ ಪುಟಗಳನ್ನೂ ಒಂದೇ ದಾರದಲ್ಲಿ ಪೋಣಿಸಿ, ಗಂಟಿನ ಮೇಲೆ ಚೀಟಿ ಅಂಟಿಸಿ, ಚೀಟಿಯ ಮೇಲೆ ದೊಡ್ಡ ಡಾಕ್ಟರ ಮುದ್ರೆ ಒತ್ತಿರುತ್ತಾರೆ. ಒಂದು ಪುಟ ಹೋದರೆ ಮೇಲಿನವರು ಬಂದು ಕೇಳುವುದು ಮುದ್ರೆ ಒತ್ತಿದವನನ್ನು. ತುರೊಬೊವ್ ತಮ್ಮದೇ ಮುದ್ರೆಯನ್ನು ನೋಡಿದರು. ಪುಸ್ತಕವನ್ನು ಮಂಚದ ಮೇಲೆ, ಕೂಸಿನ ಕಾಲ ಬಳಿ ಹಾಕಿದರು.

"ನಾಳೆ ಪೊಲೀಸ್ನೋರ್ನ ಕರ್ಕೊಂಡು ಬರ್ತೀನಿ," ಎಂದರು.

"ಕರ್ಕೊಂಡು ಬನ್ನಿ," ಎಂದಳು ಬೀಬಿಸೊರಾ. "ನರ ಹಿಡಿಯೋಕೆ ಬರೋರಾದ್ರೆ ಅವ್ರಿಗೇ ಒಪ್ಪಿಸ್ತೀನಿ."

ಬಾಗಿಲಲ್ಲಿ ಸಬೊಹತ್ ಖೋಲಾಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದಂತೆ ಮಾಡಿದಳು.

ಗುಲ್ಚೆಹ್ರಾಳನ್ನು ಮತ್ತೆ ಕಾರಿಗೆ ಹತ್ತಿಸಿದರು. ಹೊಲಕ್ಕೋ, ಮನೆಗೋ, ಕೆಲಸದಿಂದಲೇ ಆಚೆಗೋ, ಯಾರೂ ಹೇಳಲಿಲ್ಲ. ಹತ್ತುವಾಗ ಅವಳು ತಿರುಗಿ ಈ ಕಿಟಕಿಯನ್ನು ನೋಡಿದಳು. ಕೈ ಬೀಸಲಿಲ್ಲ. ನೋಡಿದಳು, ಅಷ್ಟೆ. ಕಾರು ಗೇಟು ದಾಟಿತು. ಧೂಳು ಎದ್ದು ಬಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದವು.

ಆರನೇ ಮಂಚದಿಂದ ತಾಯಿ ಕರೆದಳು.

"ಒಪಾ, ಹೋದ್ರಾ ಅವ್ರು?"

"ಹೋದ್ರು."

"ನೀವು?"

ಬೀಬಿಸೊರಾ ಕೈ ತೊಳೆದು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡಳು. ಬೆರಳು ಆರಲೆಂದು ಗಾಳಿಯಲ್ಲಿ ಹಿಡಿದಳು.

"ಇದೀನಲ್ಲ. ಮಗೂನ ಈ ಕಡೆ ತಿರುಗ್ಸಿ ಹಿಡ್ಕೋ."